ಪಟಕ್ಕೆ ನಿಲ್ಲುವವರಿಗೆ ನಾಲ್ಕು ಮಾತು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರಲ್ಲಿ, ದೀಪವನ್ನು ಹಿಡಿದು ನಿಂತಿರುವ ಸ್ತ್ರೀಯ ಆ ಪ್ರಸಿದ್ಧ ಚಿತ್ರದೆದುರು ಒಂದು ಕ್ಷಣವಾದರೂ ನಿಲ್ಲದೆ ಬಂದವರು ವಿರಳ. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈಯನ್ನು ಜ್ವಾಲೆಗೆ ಮರೆಯಾಗಿ ಹಿಡಿದಿರುವಳು. ಬೆರಳುಗಳ ಸಂದಿನಿಂದ ಹೊಮ್ಮಿದ ಕೆಂಬೆಳಕು ಮುಖದ ಮೇಲೆ ಹರಡಿರುವುದು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಅವರನ್ನು ಆ ಚಿತ್ರದ ಮುಂದೆ ಸಾಲಾಗಿ ನಿಲ್ಲಿಸಿ, "ಮಕ್ಕಳೇ, ಇದು ರಾಜಾ ರವಿವರ್ಮನ ಕೃತಿ" ಎಂದು ಗಂಭೀರವಾಗಿ ಪಾಠ ಹೇಳಿದ್ದೇನೆ. ಹೇಳಿದ್ದು ಒಂದು ಸಲವಲ್ಲ, ಹತ್ತು ಸಲವಾದರೂ ಇದ್ದೀತು. ಅದು ರವಿವರ್ಮನದಲ್ಲ. ಎಸ್. ಎಲ್. ಹಲ್ದಣಕರ್ (1882–1968) ಎಂಬ ಸಾವಂತವಾಡಿಯ ಕಡೆಯ ಚಿತ್ರಕಾರರು 1945-46ರ ಸುಮಾರಿಗೆ ಜಲವರ್ಣದಲ್ಲಿ ಬರೆದದ್ದು. ಆ ಸ್ತ್ರೀಯಾದರೋ ಅವರ ಸ್ವಂತ ಮಗಳು ಗೀತಾ. ತಂದೆಯ ಮಾತಿನಂತೆ ದೀಪ ಹಿಡಿದುಕೊಂಡು ಮೂರು ಗಂಟೆಗಳ ಕಾಲ ನಿಂತಿದ್ದಳಂತೆ. ಗೀತಾ ಉಪಳೇಕರ್ ಎಂಬ ಹೆಸರಿನಿಂದ ಬಾಳಿದ ಆಕೆ 2018ರಲ್ಲಿ, ನೂರೆರಡು ವರ್ಷದ ತುಂಬು ಪ್ರಾಯದಲ್ಲಿ, ಕೊಲ್ಹಾಪುರದಲ್ಲಿ ತೀರಿಕೊಂಡಾಗ ವರ್ತಮಾನಪತ್ರಗಳಲ್ಲಿ ಬಂದ ಸುದ್ದಿಯನ್ನು ಓದಿಯೇ ನನಗೆ ಈ ಸಂಗತಿ ತಿಳಿದದ್ದು. ಬರೆದವನ ಹೆಸರನ್ನೇ ತಪ್ಪು ಹೇಳಿದ ನಾನು ನಿಂತವಳ ಹೆಸರನ್ನು ವಿಚಾರಿಸುವುದೆಲ್ಲಿ ಬಂತು!

ಹಲ್ದಣಕರರ ಮನೆಯಲ್ಲಿ ನಡೆದದ್ದು ತಂದೆ-ಮಗಳ ನಡುವಣ ವ್ಯವಹಾರ. ಅಲ್ಲಿ ಒಪ್ಪಂದಪತ್ರದ ಅಗತ್ಯವಿರಲಿಲ್ಲ, ಅವಿಶ್ವಾಸಕ್ಕೆ ಆಸ್ಪದವೂ ಇರಲಿಲ್ಲ. ಆದರೆ ಈ ಕಾಲದಲ್ಲಿ ಅಪರಿಚಿತನಾದ ಛಾಯಾಗ್ರಾಹಕನ ಎದುರು ನಿಲ್ಲುವ ತರುಣ ತರುಣಿಯರ ಸಂಗತಿಯೇನು? ಅವರ ಮುಖವು ಎಲ್ಲಿಗೆ ಹೋಗುವುದು, ಯಾರ ಕೈ ಸೇರುವುದು, ಹೇಗೆ ಮಾರ್ಪಡುವುದು? ಈ ಪ್ರಶ್ನೆಯು ನಮ್ಮ ಮನೆಯ ಹೊಸ್ತಿಲನ್ನೇ ದಾಟಿ ಒಳಗೆ ಬಂದ ಕಾರಣ ಇದನ್ನು ಬರೆಯಬೇಕಾಯಿತು.

ಮನೆಮಂದಿಯೆಲ್ಲ ಕೂಡಿ ಓದುವ ಮಾಸಪತ್ರಿಕೆಯಲ್ಲಿ ರೂಪದರ್ಶಿಗಳ ವಿಚಾರವೇಕೆ, ಅದೂ ಮಕ್ಕಳಿಂದ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಮಾಷ್ಟ್ರೊಬ್ಬನಿಂದ, ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿಯೆಂಬ ಕಿರೀಟವನ್ನು ಧರಿಸಿದಂದಿನಿಂದ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಕಣ್ಣೆದುರು ಒಂದು ಹೊಸ ಹಾದಿ ತೆರೆದಿದೆ. ಮಂಗಳೂರಿನವರೇ ಆದ ಶ್ರೀನಿಧಿ ಶೆಟ್ಟಿ 2016ರಲ್ಲಿ ಸುಪ್ರಾನ್ಯಾಷನಲ್ ಎಂಬ ಪ್ರಶಸ್ತಿಯನ್ನು ಗೆದ್ದ ಮೇಲೆ ಅದು ಇನ್ನಷ್ಟು ಅಗಲವಾಯಿತು. ಕಿರೀಟದ ಮಾತು ಹಾಗಿರಲಿ; ಪುತ್ತೂರು, ಸುಳ್ಯಗಳಂಥ ಪೇಟೆಗಳ ಸೀರೆಯಂಗಡಿಗೂ ಚಿನ್ನದಂಗಡಿಗೂ ಈಗ ಬೊಂಬಾಯಿಯ ಮುಖವೇ ಬೇಕೆಂದಿಲ್ಲ. ಊರಿನ ಮುಖವಾದರೆ ಊರಿನವರು ನಂಬುವರೆಂಬ ಯುಕ್ತಿಯನ್ನು ವ್ಯಾಪಾರಿಗಳು ಕಂಡುಕೊಂಡಿದ್ದಾರೆ. ಮದುವೆಗೆ ಮುಂಚೆಯೇ ವಧೂವರರು ಕುಮಾರಧಾರೆಯ ದಂಡೆಯಲ್ಲಿ ನಿಂತು ಪಟ ತೆಗೆಸಿಕೊಳ್ಳುವ ಪದ್ಧತಿಯೂ ನಮ್ಮ ಕಡಬದ ಸುತ್ತಮುತ್ತ ಬಂದುಬಿಟ್ಟಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಮನೆಯ ಮಕ್ಕಳು ಹೋಗತಕ್ಕ ಹಾದಿಯಲ್ಲಿ ಮುಳ್ಳು ಎಲ್ಲೆಲ್ಲಿದೆಯೆಂದು ತಿಳಿದವರು ಹೇಳದಿದ್ದರೆ ಹೇಗೆ?

ನನ್ನ ಬಾಲ್ಯದಲ್ಲಿ ಪಟ ತೆಗೆಸಿಕೊಳ್ಳುವುದೆಂದರೆ ವ್ರತವಿದ್ದಂತೆ. ಬೆಳಗ್ಗೆ ಸ್ನಾನ ಮಾಡಿ, ಮಡಿಸಿಟ್ಟ ಅಂಗಿಯನ್ನು ತೊಟ್ಟು, ಬಸ್ಸಿನಲ್ಲಿ ಪುತ್ತೂರಿಗೆ ಹೋಗಬೇಕು. ಸ್ಟುಡಿಯೋದಲ್ಲಿ ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ, ಊರಿಗೆಲ್ಲ ಒಂದೇ ಕರಿಯ ಕೋಟು. ಹಿಂದುಗಡೆ ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲು. "ಉಸಿರು ಬಿಡಬೇಡಿ" ಎಂದು ಹೇಳಿ ಆತನು ಕರಿಯ ಬಟ್ಟೆಯೊಳಗೆ ತಲೆಯಿಟ್ಟನೆಂದರೆ ನಮ್ಮ ಪ್ರಾಣವೇ ನಿಂತಂತಾಗುತ್ತಿತ್ತು. ಪಟ ತೆಗೆಸಿಕೊಂಡರೆ ಆಯುಷ್ಯ ಕ್ಷಯವಾಗುವುದೆಂದು ನನ್ನ ಅಜ್ಜಿ ನಂಬಿದ್ದಳು. ಆದಕಾರಣ ಆಕೆಯ ಮುಖ ಈಗ ನನ್ನ ನೆನಪಿನಲ್ಲಿ ಮಾತ್ರವಿದೆ. 1839ರಲ್ಲಿ ಪ್ಯಾರಿಸಿನಲ್ಲಿ ದಗೇರ್ ಎಂಬವನ ಛಾಯಾಚಿತ್ರ ವಿಧಾನವು ಪ್ರಕಟವಾದ ಹೊಸತರಲ್ಲಿ ನಿಮಿಷಗಟ್ಟಲೆ ಅಲ್ಲಾಡದೆ ಕುಳಿತಿರಬೇಕಾಗಿತ್ತು. ಮುಂದೆಯೂ ಬಹುಕಾಲ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆಯನ್ನು ಕೊಡುತ್ತಿದ್ದರು. ಈಗಲಾದರೋ ಒಂದು ಗಂಟೆಯಲ್ಲಿ ಐನೂರು ಪಟ. ಆನಿಕೆ ಹೋಯಿತು, ಹೋದೊಡನೆ ಸುಲಭವಾಯಿತೆಂದು ತಿಳಿಯುವುದು ಮಾತ್ರ ತಪ್ಪು.

ಇನ್ನು ನಮ್ಮ ಮನೆಯ ಕಥೆ. ನನ್ನ ತಂಗಿಯ ಮೊಮ್ಮಗಳು ಪದವಿ ತರಗತಿಯಲ್ಲಿ ಓದುತ್ತಿದ್ದಾಗ ಪೇಟೆಯ ಒಂದು ಸೀರೆಯಂಗಡಿಯವರು ಹಬ್ಬದ ಜಾಹೀರಾತಿಗಾಗಿ ಆಕೆಯನ್ನು ಕರೆದರು. ಅಂಗಡಿಯ ಹೆಸರನ್ನಾಗಲಿ ಛಾಯಾಗ್ರಾಹಕರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ತಾಯಿಗೆ ಮನಸ್ಸಿರಲಿಲ್ಲ. "ಅಜ್ಜ ಜೊತೆಗೆ ಬರುವುದಾದರೆ ಹೋಗಲಿ" ಎಂದಾಯಿತು. ಹೋದೆವು. ಕೆಲಸ ಮರ್ಯಾದೆಯಿಂದಲೇ ನಡೆಯಿತು. ಆ ವಿಷಯದಲ್ಲಿ ದೂರುವಂಥದೇನೂ ಇಲ್ಲ. ಹೊರಡುವ ಹೊತ್ತಿಗೆ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳ ಎರಡು ಪುಟ. "ಎಂತದೂ ಇಲ್ಲ ಮಾಷ್ಟ್ರೇ, ಎಲ್ಲರೂ ಹಾಕುವ ಸೈನ್" ಎಂದರು. ಹುಡುಗಿ ಸಹಿ ಹಾಕಿದಳು. ಅದರ ಕೆಳಗೆ ಸಾಕ್ಷಿಯಾಗಿ ನಾನು ಸಹಿ ಹಾಕಿದೆನು. ಓದದೆ ಸಹಿ ಹಾಕಬಾರದೆಂದು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದವನು ನಾನೇ.

ಸೀರೆಯ ಜಾಹೀರಾತು ಚೆನ್ನಾಗಿಯೇ ಬಂತು. ಊರಿನವರೆಲ್ಲ ಮೆಚ್ಚಿದರು. ಏಳೆಂಟು ತಿಂಗಳು ಕಳೆದ ಮೇಲೆ ಆಕೆಯ ಸಹಪಾಠಿಯೊಬ್ಬಳು ಮೊಬೈಲಿನಲ್ಲಿ ಇನ್ನೊಂದು ಜಾಹೀರಾತನ್ನು ಕಳುಹಿಸಿದಳು. ಅದು ಮುಖವನ್ನು ಬೆಳ್ಳಗೆ ಮಾಡುವ ಯಾವುದೋ ಲೇಪದ್ದು. ನಮ್ಮ ಹುಡುಗಿಯದು ಶ್ಯಾಮಲವರ್ಣ. ದ್ರುಪದನ ಮಗಳಿಗೆ ಕೃಷ್ಣೆ ಎಂಬ ಹೆಸರನ್ನು ತಂದ ಬಣ್ಣ. ಜಾಹೀರಾತಿನಲ್ಲಿ ಆಕೆಯದೇ ಎರಡು ಮುಖಗಳಿದ್ದವು. ಎಡಗಡೆಯದನ್ನು ಇದ್ದುದಕ್ಕಿಂತ ಕಪ್ಪಾಗಿಸಿ "ಮೊದಲು" ಎಂದು ಬರೆದಿದ್ದರು. ಬಲಗಡೆಯದಕ್ಕೆ ಸುಣ್ಣ ಬಳಿದಂತೆ ಮಾಡಿ "ಆಮೇಲೆ" ಎಂದು ಬರೆದಿದ್ದರು. ಹುಡುಗಿ ಅಳಲಿಲ್ಲ. ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಅಜ್ಜಾ, ಇದರಲ್ಲಿ ನಾನು ಯಾವುದು?" ಎಂದು ಕೇಳಿದಳು.

ಉತ್ತರ ನನ್ನಲ್ಲಿ ಇರಲಿಲ್ಲ. ಆ ರಾತ್ರಿ ಕನ್ನಡಕ ಹಾಕಿಕೊಂಡು ಆ ಎರಡು ಪುಟಗಳನ್ನು ಕೊನೆಗೂ ಓದಿದೆನು. ಯಾವ ಉದ್ದೇಶಕ್ಕಾದರೂ, ಎಷ್ಟು ಕಾಲವಾದರೂ, ಯಾವ ಮಾರ್ಪಾಡನ್ನಾದರೂ ಮಾಡಿ ಉಪಯೋಗಿಸಬಹುದು, ಬೇರೆಯವರಿಗೂ ಕೊಡಬಹುದು ಎಂದು ಅದರಲ್ಲಿ ಬರೆದಿತ್ತು. ಕೆಳಗೆ ನನ್ನ ಸಹಿ, ಮುತ್ತು ಪೋಣಿಸಿದ ಹಾಗೆ.

ಕಾಲಿದಾಸನ ಮಾಲವಿಕೆಯ ನೆನಪಾಯಿತು. ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ರಾಜನು ಮೊದಲು ಕಾಣುವುದು ಮಾಲವಿಕೆಯನ್ನಲ್ಲ, ಚಿತ್ರಶಾಲೆಯಲ್ಲಿ ರಾಣಿಯ ಪರಿವಾರದ ನಡುವೆ ಬರೆದಿದ್ದ ಆಕೆಯ ರೂಪವನ್ನು. ಇವಳು ಯಾರೆಂದು ಆತನು ಕೇಳಿದಾಗ ರಾಣಿ ಉತ್ತರ ಕೊಡುವುದಿಲ್ಲ. ಬಾಲೆ ವಸುಲಕ್ಷ್ಮಿ ಹೆಸರನ್ನು ಹೇಳಿಬಿಡುತ್ತಾಳೆ. ಅಲ್ಲಿಂದ ಮುಂದೆ ಆ ಹುಡುಗಿಗೆ ಬಂದ ಬಂಧನ, ಸೆರೆ ಎಲ್ಲವೂ ಆ ಚಿತ್ರದಿಂದ ಹುಟ್ಟಿದ್ದು. ಎರಡನೆಯ ಅಂಕದಲ್ಲಿ ಆಕೆಯನ್ನು ಕಣ್ಣಾರೆ ಕಂಡ ರಾಜನು, ಬರೆದವನ ಸಮಾಧಿಯು ಶಿಥಿಲವಾಗಿತ್ತೆಂದು, ಅಂದರೆ ಆತನ ಏಕಾಗ್ರತೆ ಸಾಲದಾಯಿತೆಂದು, ಚಿತ್ರಕಾರನನ್ನು ಆಕ್ಷೇಪಿಸುತ್ತಾನೆ. ಈ ಭಾಗವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ; ಅಲಂಕಾರವನ್ನು ಹೇಳಿದ್ದೇನೆ, ವಿಗ್ರಹವಾಕ್ಯವನ್ನು ಬಿಡಿಸಿದ್ದೇನೆ. ಆ ಚಿತ್ರಕ್ಕೆ ಮಾಲವಿಕೆಯ ಸಮ್ಮತಿಯಿತ್ತೇ ಎಂಬ ಪ್ರಶ್ನೆಯನ್ನು ನಾನೂ ಎತ್ತಲಿಲ್ಲ, ಯಾವ ವಿದ್ಯಾರ್ಥಿಯೂ ಎತ್ತಲಿಲ್ಲ.

ನಾಟಕದ ಮಾತೇಕೆ? 1984ರಲ್ಲಿ ಪೇಶಾವರದ ಸಮೀಪದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ಎಂಬ ಅಮೆರಿಕದ ಛಾಯಾಗ್ರಾಹಕನು ಹಸಿರುಗಣ್ಣಿನ ಅಫಘಾನೀ ಬಾಲಿಕೆಯೊಬ್ಬಳ ಪಟ ತೆಗೆದನು. ಮರುವರ್ಷ ಅದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಬಂದು ಲೋಕವೆಲ್ಲ ತಿರುಗಿತು. 2002ರಲ್ಲಿ ಆಕೆಯನ್ನು ಹುಡುಕಿ ತೆಗೆದಾಗ ಶರ್ಬತ್ ಗುಲಾ ಎಂಬುದು ಹೆಸರೆಂದು ಗೊತ್ತಾಯಿತು. ಹದಿನೇಳು ವರ್ಷ ಲೋಕವು ನೋಡಿದ ಆ ಪಟವನ್ನು ಆಕೆ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಪುತ್ತೂರಿನಲ್ಲಿ ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಶಾಲೆಯಲ್ಲಿ ವ್ಯಾಕರಣಕ್ಕೆ ಹೆದರುತ್ತಿದ್ದವನು. ಆತನು ಕಾಗದವನ್ನು ಓದಿ, "ಮಾಷ್ಟ್ರೇ, ಸಹಿಯೊಂದು ಇಲ್ಲದಿರುತ್ತಿದ್ದರೆ ಕೆಲಸ ಸುಲಭವಿತ್ತು" ಎಂದನು. ಆದರೂ ಲೇಪದ ಕಂಪೆನಿಗೂ ಛಾಯಾಗ್ರಾಹಕರಿಗೂ ನೋಟೀಸು ಬರೆದನು. ಮುಖವನ್ನು ಕಪ್ಪು ಮಾಡಿ ಬಿಳಿ ಮಾಡಿ ತೋರಿಸಿದ್ದು ಗ್ರಾಹಕರಿಗೆ ಮಾಡಿದ ಮೋಸ, 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ಅಂಥ ಜಾಹೀರಾತು ದಂಡನಾರ್ಹ ಎಂಬುದು ಆತನ ವಾದದ ತಿರುಳು. ಮೂರು ತಿಂಗಳ ಮೇಲೆ ಜಾಹೀರಾತನ್ನು ತೆಗೆದರು. ಒಮ್ಮೆ ಹೊರಬಿದ್ದ ಪಟವು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಈಗಲೂ ಎಲ್ಲಿಯೋ ಒಂದು ಕಡೆ ಯಾರಾದರೂ ಅದನ್ನು ಕಾಣುತ್ತಲೇ ಇರುತ್ತಾರೆ.

ಆತನಿಂದ ನಾನು ಕಲಿತದ್ದನ್ನು ವಾಚಕರ ಮುಂದಿಡುತ್ತೇನೆ, ಯಾಕೆಂದರೆ ಇದು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಪಟದ ಒಡೆತನವು 1957ರ ಕೃತಿಸ್ವಾಮ್ಯದ ಕಾನೂನಿಗೆ ಸೇರಿದ್ದು. ಬೇರೆ ಒಪ್ಪಂದವಿಲ್ಲದಿದ್ದರೆ, ಹಣಕೊಟ್ಟು ಪಟ ತೆಗೆಸಿದವನೇ ಅದರ ಮೊದಲನೆಯ ಒಡೆಯ. ಹುಡುಗಿಯೇ ಹಣ ಕೊಟ್ಟು ತನ್ನ ಪರಿಚಯಕ್ಕಾಗಿ ಪಟಗಳ ಕಟ್ಟನ್ನು, ಪೋರ್ಟ್‌ಫೋಲಿಯೋ ಎಂಬುದನ್ನು, ಮಾಡಿಸಿಕೊಂಡರೆ ಅವು ಆಕೆಯವು. ಅಂಗಡಿಯವನು ಹಣ ಕೊಟ್ಟಿದ್ದರೆ ಅವು ಅಂಗಡಿಯವನವು. ಯಾರೂ ಯಾರಿಗೂ ಹಣ ಕೊಡದೆ, "ನಿನಗೂ ಪಟ, ನನಗೂ ಪಟ" ಎಂಬ ವಿನಿಮಯದ ಮೇಲೆ ಕೆಲಸ ಮಾಡುವ ಪದ್ಧತಿ ಹೊಸಬರಲ್ಲಿ ಬಹಳವಾಗಿದೆ. ಅಲ್ಲಿ ಬರೆದಿಟ್ಟುಕೊಳ್ಳದಿದ್ದರೆ ಒಡೆತನವು ಸಾಮಾನ್ಯವಾಗಿ ಛಾಯಾಗ್ರಾಹಕನ ಕಡೆಗೇ ಹೋಗುವುದು. ಪಟದ ಒಡೆತನ ಬೇರೆ, ಮುಖದ ಮೇಲಿನ ಹಕ್ಕು ಬೇರೆ. ಒಬ್ಬರ ಹೆಸರನ್ನಾಗಲಿ ರೂಪವನ್ನಾಗಲಿ ಅವರ ಸಮ್ಮತಿಯಿಲ್ಲದೆ ಜಾಹೀರಾತಿಗೆ ಉಪಯೋಗಿಸುವುದು ಅವರ ಖಾಸಗಿತನದ ಭಂಗವೆಂದು ಸುಪ್ರೀಂ ಕೋರ್ಟು 1994ರಲ್ಲಿ ರಾಜಗೋಪಾಲ್ ಎಂಬವರ ಮೊಕದ್ದಮೆಯಲ್ಲಿ ಹೇಳಿತು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಕಂಠದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಷ್ಟು ದೊಡ್ಡ ಹಕ್ಕನ್ನು ಓದದ ಕಾಗದದ ಮೇಲಿನ ಒಂದು ಸಹಿಯಿಂದ ಬಿಟ್ಟುಕೊಡುವುದೆಂದರೆ, ಬಾವಿಯ ಹಗ್ಗವನ್ನೇ ಬಾವಿಗೆ ಹಾಕಿದಂತೆ.

ಆದಕಾರಣ ಕಾಗದದ ವಿಷಯದಲ್ಲಿ ನಾಚಿಕೆ ಕೂಡದು. ಅದು ತನಗೆ ತಿಳಿಯುವ ಭಾಷೆಯಲ್ಲಿರಬೇಕು. ಇಲ್ಲದಿದ್ದರೆ ಮನೆಗೆ ಒಯ್ದು ಓದಿಸಿ ಮರುದಿನ ಕೊಡುತ್ತೇನೆನ್ನಬೇಕು. ಮರುದಿನದವರೆಗೆ ಕಾಯದವನ ಕೆಲಸವನ್ನು ಬಿಡುವುದೇ ಲೇಸು. ಪಟವು ಯಾವ ಸರಕಿಗಾಗಿ, ಎಲ್ಲೆಲ್ಲಿ ಪ್ರಕಟವಾಗತಕ್ಕದ್ದು, ಎಷ್ಟು ವರ್ಷ, ಬೇರೆಯವರಿಗೆ ಕೊಡಬಹುದೇ ಎಂಬುದೆಲ್ಲ ಬರೆದಿರಲಿ. ಕೃತಿಸ್ವಾಮ್ಯವನ್ನು ಒಬ್ಬರು ಇನ್ನೊಬ್ಬರಿಗೆ ಬರೆದುಕೊಡುವಾಗ ಕಾಲವನ್ನು ಹೇಳದಿದ್ದರೆ ಐದು ವರ್ಷವೆಂತಲೂ, ದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂತಲೂ ಕಾನೂನೇ ಮಿತಿಯನ್ನು ಹಾಕಿದೆ. ಮುಖದ ಸಮ್ಮತಿಗೂ ಅಂಥ ಮಿತಿಯನ್ನು ನಾವೇ ಬರೆಸಿಕೊಂಡರೆ ಯಾರಿಗೂ ಅನ್ಯಾಯವಿಲ್ಲ. ಮುಖ್ಯವಾಗಿ, ಮೈಬಣ್ಣವನ್ನೂ ಅಂಗಾಂಗಗಳ ಆಕಾರವನ್ನೂ ಮಾರ್ಪಡಿಸಕೂಡದೆಂಬ ಒಂದು ವಾಕ್ಯವಿರಲಿ. ಮೊಡವೆಯೊಂದನ್ನು ಅಳಿಸಿದರೆ ಪ್ರಪಂಚ ಮುಳುಗದು. ಎರಡು ಪ್ರತಿಗಳಿಗೆ ಇಬ್ಬರೂ ಸಹಿ ಹಾಕಿ ಒಂದನ್ನು ತಾನು ಇಟ್ಟುಕೊಳ್ಳಬೇಕು.

ದೊಡ್ಡ ಊರುಗಳಿಂದ ಬರುವ ಇನ್ನೊಂದು ಬಲೆಯಿದೆ. "ಮೊದಲು ಇಷ್ಟು ಸಾವಿರ ಕಟ್ಟಿ ನಮ್ಮಲ್ಲಿಯೇ ಪಟ ತೆಗೆಸಿ, ಕೆಲಸ ಖಂಡಿತ" ಎನ್ನುವವರು. ಕೆಲಸ ಮಾಡುವವನಿಗೆ ಕೂಲಿ ಕೊಡುವುದು ಲೋಕದ ರೀತಿ. ಕೆಲಸ ಮಾಡತಕ್ಕವಳೇ ಕೂಲಿ ಕೊಡಬೇಕೆಂಬಲ್ಲಿ ಏನೋ ತಲೆಕೆಳಗಾಗಿದೆ. ಪಟಗಳ ಕಟ್ಟನ್ನು ಎಲ್ಲಿಯಾದರೂ, ತಾನು ಆರಿಸಿದ ಛಾಯಾಗ್ರಾಹಕನಿಂದ ಮಾಡಿಸಿಕೊಳ್ಳಬಹುದು. ಆತನ ಹಿಂದಿನ ಕೆಲಸವನ್ನು ನೋಡಬೇಕು. ಅದಕ್ಕಿಂತಲೂ ಹೆಚ್ಚಾಗಿ, ಹಿಂದೆ ಆತನೆದುರು ನಿಂತ ಇಬ್ಬರು ಮೂವರನ್ನು ಕಂಡು ವಿಚಾರಿಸಬೇಕು. ಕನ್ಯೆಯನ್ನು ಕೊಡುವಾಗ ನಾವು ವಿಚಾರಿಸುವುದಿಲ್ಲವೇ?

ಎಳೆಯ ಮಕ್ಕಳನ್ನು ಜಾಹೀರಾತಿಗೆ ಕಳುಹಿಸುವ ತಂದೆತಾಯಿಗಳಿಗೆ ಒಂದು ಮಾತು. 2017ರ ನಿಯಮಗಳಂತೆ ಹದಿನಾಲ್ಕರ ಒಳಗಿನ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಕೂಡದು. ಗಳಿಕೆಯಲ್ಲಿ ನೂರಕ್ಕೆ ಇಪ್ಪತ್ತಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಜಿಲ್ಲಾ ದಂಡಾಧಿಕಾರಿಗಳ ಅನುಮತಿಯೂ ಬೇಕು. ಆ ಠೇವಣಿಯ ರಸೀದಿಯನ್ನು ಕೇಳಿ ಪಡೆಯಿರಿ.

ಇನ್ನು ನಿಲ್ಲುವ ಬಗೆ. ಇಲ್ಲಿ ನನ್ನ ಮೂರ್ಖತನವನ್ನೇ ದೃಷ್ಟಾಂತವಾಗಿ ಹೇಳಬೇಕಾಗಿದೆ. ಆ ಮೊದಲ ದಿನ ನಾನು ದೀಪಗಳ ಹಿಂದೆ ಕುಳಿತು, ಹುಡುಗಿ ಸ್ವಲ್ಪ ಬಾಗಿದಾಗಲೆಲ್ಲ "ನೆಟ್ಟಗೆ ನಿಲ್ಲು, ಕೈ ಇಳಿಸು" ಎಂದು ಪ್ರಾರ್ಥನೆಯ ಸಾಲಿನಲ್ಲಿ ಹೇಳುವಂತೆ ಹೇಳುತ್ತಿದ್ದೆನು. ಆಕೆ ಗರುಡಗಂಬದಂತಾದಳು. ಹತ್ತು ನಿಮಿಷದಲ್ಲಿ ಛಾಯಾಗ್ರಾಹಕರು ಬಹು ವಿನಯದಿಂದ, "ಮಾಷ್ಟ್ರೇ, ಹೊರಗೆ ಜಗಲಿಯಲ್ಲಿ ಗಾಳಿ ಉಂಟು" ಎಂದರು. ಹೊರಗೆ ಕುಳಿತ ಮೇಲೆ ಹೊಳೆಯಿತು. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರದಲ್ಲಿ ನಿಲುವುಗಳನ್ನು ಒಂಬತ್ತಾಗಿ ವಿಂಗಡಿಸಿದೆ. ನೇರವಾಗಿ ಎದುರುಗೊಂಡ ಋಜ್ವಾಗತವು ಅವುಗಳಲ್ಲಿ ಒಂದು ಮಾತ್ರ. ನೃತ್ಯವನ್ನು ತಿಳಿಯದೆ ಚಿತ್ರವು ತಿಳಿಯದೆಂದು ಮಾರ್ಕಂಡೇಯನು ವಜ್ರರಾಜನಿಗೆ ಹೇಳುವುದೂ ಅಲ್ಲಿಯೇ. ಒಂಬತ್ತನ್ನು ಪಾಠಮಾಡಿದವನು ಒಂದನ್ನೇ ಹಿಡಿದು ಕುಳಿತಿದ್ದೆನು.

ಬೇಲೂರಿನ ಮದನಿಕೆಯರನ್ನು ನೋಡಿದವರಿಗೆ ಈ ಸಂಗತಿ ಬೇಗ ಮನಸ್ಸಿಗೆ ಬರುವುದು. 1117ರಲ್ಲಿ ಪ್ರತಿಷ್ಠೆಯಾದ ಆ ದೇವಾಲಯದ ಶಿಲ್ಪಿಗಳು ಒಬ್ಬಳನ್ನಾದರೂ ಕಂಬದಂತೆ ನಿಲ್ಲಿಸಿಲ್ಲ. ಭಾರವೆಲ್ಲ ಒಂದು ಕಾಲಿನ ಮೇಲೆ. ಸೊಂಟ ಒಂದು ಕಡೆಗೆ, ಹೆಗಲು ಇನ್ನೊಂದು ಕಡೆಗೆ, ತಲೆ ಮತ್ತೊಂದು ಕಡೆಗೆ ಸ್ವಲ್ಪ ಬಾಗಿದೆ. ಇದೇ ತ್ರಿಭಂಗಿ. ಅವರ ಕೈಗಳನ್ನು ನೋಡಿ: ಕನ್ನಡಿಯೋ, ಗಿಳಿಯೋ, ವಾದ್ಯವೋ, ಏನಾದರೊಂದು ಕೆಲಸದಲ್ಲಿವೆ. ಹೊಸಬರ ಪಟಗಳು ಕೆಡುವುದು ಬಹುಮಟ್ಟಿಗೆ ಕೈಗಳಿಂದ; ಸೆರಗಿನ ಅಂಚನ್ನಾಗಲಿ ಬಳೆಯನ್ನಾಗಲಿ ಹಿಡಿಯಲು ಕೊಟ್ಟರೆ ಅವು ತಮ್ಮಷ್ಟಕ್ಕೆ ಸರಿಹೋಗುವವು. ಎದೆಯನ್ನು ಪೂರ್ತಿ ಎದುರಿಗಿಡದೆ ಒಂದು ಹೆಗಲನ್ನು ಹಿಂದಕ್ಕೆ ಸರಿಸಿ, ಮುಖವನ್ನು ಮಾತ್ರ ಕ್ಯಾಮರಾದ ಕಡೆಗೆ ತಿರುಗಿಸಬೇಕು. ಗಲ್ಲವನ್ನು ಎತ್ತುವುದಕ್ಕಿಂತ ಒಂದು ಕೂದಲೆಳೆಯಷ್ಟು ಮುಂದಕ್ಕೆ ತಂದು ಇಳಿಸುವುದು ಮೇಲು. ಕಣ್ಣು ಬಳಲಿದಾಗ ಮುಚ್ಚಿ, ಮನಸ್ಸಿನಲ್ಲಿ ಮೂರೆಣಿಸಿ, ತೆರೆದರೆ ನೋಟದಲ್ಲಿ ಜೀವವಿರುವುದು. ನಗುವನ್ನು ಹಿಡಿದಿಟ್ಟುಕೊಳ್ಳಕೂಡದು, ಹಿಡಿದಿಟ್ಟ ನಗು ಹಳಸಿದ ಅನ್ನವಿದ್ದಂತೆ. ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರೆ ನಷ್ಟವಿಲ್ಲ. ಕನ್ನಡಿಯಲ್ಲಿ ಎಡಬಲಗಳು ಅದಲುಬದಲಾಗಿರುತ್ತವೆಂಬುದನ್ನು ಮಾತ್ರ ಮರೆಯಬಾರದು.

ಬೆಳಕಿನ ವಿಚಾರದಲ್ಲಿ ನಮ್ಮ ಊರಿಗೆ ತನ್ನದೇ ಆದ ರೀತಿಯಿದೆ. ಅಡಿಕೆ ತೋಟ ಕಣ್ಣಿಗೆ ರಮ್ಯ. ಆದರೆ ನಡುಮಧ್ಯಾಹ್ನ ಅಲ್ಲಿ ನಿಂತರೆ ಸೋಗೆಗಳ ಸಂದಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಮುಖದ ಮೇಲೆ ಬಿದ್ದು ಚರ್ಮರೋಗ ಬಂದಂತೆ ಕಾಣಿಸುವುದು. ಹಸಿರಿನ ಛಾಯೆಯೂ ಕೆನ್ನೆಗೆ ಹತ್ತುವುದು. ಹಳೆಯ ಮನೆಯ ಜಗಲಿ, ಎದುರಿಗೆ ತೆರೆದ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಬೇರೊಂದಿಲ್ಲ: ನೆತ್ತಿಯ ಮೇಲೆ ನೆರಳು, ಮುಖಕ್ಕೆ ಅಂಗಳದ ಬೆಳಕು. ಆಟಿ ತಿಂಗಳ ಮೋಡದ ಬೆಳಕನ್ನು ಜನ ಹಳಿಯುತ್ತಾರೆ. ಶ್ಯಾಮಲವರ್ಣದ ಮುಖಕ್ಕೆ ಆ ಮೃದುವಾದ ಬೆಳಕೇ ಬಹಳ ಹೊಂದುವುದೆಂದು ಬಲ್ಲವರು ಹೇಳಿ ಕೇಳಿದ್ದೇನೆ, ಕಣ್ಣಾರೆಯೂ ಕಂಡಿದ್ದೇನೆ. ತಲೆಗೆ ಎಣ್ಣೆ ಹಚ್ಚಿದ ದಿನವೇ ಹೋಗಬಾರದು, ಹಣೆ ಮಿಂಚುವುದು. ಬಹು ಸಣ್ಣ ಗೆರೆಗಳ ಬಟ್ಟೆ ಕ್ಯಾಮರಾದಲ್ಲಿ ನೀರಿನಂತೆ ಅಲುಗುವ ಅಲೆಗಳಾಗಿ ಕಾಣುವುದುಂಟು. ಪಿನ್ನು, ಸೂಜಿದಾರ, ಕುಡಿಯುವ ನೀರು ತನ್ನ ಚೀಲದಲ್ಲಿಯೇ ಇರಲಿ. ಹಿಂದಿನ ರಾತ್ರಿಯ ನಿದ್ದೆಗೆ ಸಮಾನವಾದ ಲೇಪ ಯಾವ ಅಂಗಡಿಯಲ್ಲಿಯೂ ಇಲ್ಲ.

ಜೊತೆಗೆ ಮನೆಯವರೊಬ್ಬರು ಹೋಗುವುದು ಅವಶ್ಯ. ಆದರೆ ಅವರು ಕೂರತಕ್ಕ ಸ್ಥಳ ಜಗಲಿ, ಕ್ಯಾಮರಾದ ಬೆನ್ನಹಿಂದಲ್ಲ. ಕೂಗಿದರೆ ಕೇಳುವಷ್ಟು ಹತ್ತಿರ, ಉಸಿರು ಕೇಳದಷ್ಟು ದೂರ. ಬಟ್ಟೆ ಬದಲಾಯಿಸುವ ಕೋಣೆಗೆ ಒಳಗಿನಿಂದ ಅಗಳಿಯಿದೆಯೇ ಎಂದು ಮೊದಲೇ ನೋಡಬೇಕು. ಸೆರಗನ್ನು ಸರಿಪಡಿಸಬೇಕಾದರೆ ಛಾಯಾಗ್ರಾಹಕನು ಬಾಯಲ್ಲಿ ಹೇಳಲಿ, ಅಥವಾ ತನ್ನ ಮೈಯಲ್ಲಿಯೇ ಮಾಡಿ ತೋರಿಸಲಿ. ಕೇಳದೆ ಮುಟ್ಟುವುದು ವೃತ್ತಿಧರ್ಮವಲ್ಲ. ಒಪ್ಪಿಕೊಂಡ ಉಡುಪಿನ ಹೊರತು ಬೇರೊಂದನ್ನು ಅಲ್ಲಿಯೇ ತಂದುಕೊಟ್ಟರೆ "ಇದು ಮಾತಿನಲ್ಲಿ ಇರಲಿಲ್ಲ" ಎಂದು ಹೇಳಿ ಮನೆಗೆ ಹೊರಡಬಹುದು. ಬಸ್ಸಿಗೆ ಬೇಕಾದ ಹಣವು ತನ್ನ ಬಳಿಯಲ್ಲಿಯೇ ಇರತಕ್ಕದ್ದು ಇದಕ್ಕಾಗಿಯೇ. ಮರೆಯಲ್ಲಿರತಕ್ಕ ಅಂಗಗಳ ಪಟವನ್ನು ಸಮ್ಮತಿಯಿಲ್ಲದೆ ತೆಗೆದವರಿಗೂ ಹರಡಿದವರಿಗೂ ಮಾಹಿತಿ ತಂತ್ರಜ್ಞಾನ ಕಾನೂನಿನ 66ಇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸವುಂಟು. ಅಂಥದೇನಾದರೂ ನಡೆದರೆ ಹುಡುಗಿಯನ್ನು ಬೈಯುತ್ತ ಕೂರದೆ ಆ ದಿನವೇ ಪೊಲೀಸ್ ಠಾಣೆಗೆ ಹೋಗಬೇಕು. ಮನೆಯಲ್ಲಿ ಬೈಗಳು ಬಿದ್ದಾವೆಂಬ ಹೆದರಿಕೆಯಿಂದಲೇ ಎಷ್ಟೋ ಹುಡುಗಿಯರು ಬಾಯಿಮುಚ್ಚಿಕೊಂಡಿರುವರೆಂಬುದು ಉಪಾಧ್ಯಾಯನಾಗಿ ನಾನು ಕಂಡ ಸತ್ಯ.

ಛಾಯಾಗ್ರಾಹಕರ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಅವರಲ್ಲಿ ಹೆಚ್ಚಿನವರು ಸಾಲ ಮಾಡಿ ಕ್ಯಾಮರಾ ಕೊಂಡ ಸಾಧುಗಳು. ನಮ್ಮ ಗುಡ್ಡದ ಸೀಮೆಯಲ್ಲಿ ಸಂಜೆಯ ಹೊನ್ನಬೆಳಕು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ನಾಲ್ಕು ಗಂಟೆಗೆ ಬರುವೆನೆಂದವಳು ಐದೂವರೆಗೆ ಬಂದರೆ ಆತನು ಯಾರನ್ನು ದೂರಬೇಕು? ತೆಗೆದ ಪಟಗಳನ್ನೆಲ್ಲ ಈಗಲೇ ಕೊಡೆಂದು ಹಟ ಹಿಡಿಯುವುದು, ಆತನ ಹೆಸರನ್ನು ಕತ್ತರಿಸಿ ಪ್ರಕಟಿಸುವುದು, ಆತನು ಎಚ್ಚರದಿಂದ ಕೂಡಿಸಿದ ಬಣ್ಣಗಳ ಮೇಲೆ ಮೊಬೈಲಿನಿಂದ ಇನ್ನೊಂದು ಬಣ್ಣವನ್ನು ಸುರಿಯುವುದು ಇವೆಲ್ಲ ಆತನಿಗೆ ಮಾಡುವ ಅಪಚಾರಗಳು. ನನ್ನ ಮುಖವನ್ನು ಮಾರ್ಪಡಿಸಬೇಡವೆನ್ನುವವಳು ಆತನ ಕೃತಿಯನ್ನು ಮಾರ್ಪಡಿಸಬಹುದೇ? ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಕುಳಿತು, ತಾವು ಏನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀರಿ ಎಂದು ಆತನನ್ನು ಕೇಳಿದರೆ ಅರ್ಧ ಕೆಲಸ ಆದಂತೆ. ಕಾಲಿದಾಸನು ಹೇಳಿದ ಆ ಸಮಾಧಿ ಬರೆಯುವವನಿಗೆ ಮಾತ್ರವಲ್ಲ, ನಿಂತವರಿಗೂ ಬೇಕು. ಗೀತಾ ಹಲ್ದಣಕರಳು ಮೂರು ಗಂಟೆಗಳ ಕಾಲ ಹಿಡಿದಿದ್ದು ದೀಪವನ್ನು ಮಾತ್ರವೇ?

ಲೇಪದ ಪ್ರಕರಣವಾದ ಮೇಲೆ ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲ. ಒಂದು ವರ್ಷ ಕಳೆದ ಮೇಲೆ ಹುಡುಗಿಯೇ ಎತ್ತಿದಳು. ಕೈಮಗ್ಗದ ಸೀರೆಗಳನ್ನು ಮಾರುವ ಒಬ್ಬರು ಕರೆದಿದ್ದರು. ತಾಯಿ ಬೇಡವೆಂದಳು, ನಾನು ಸುಮ್ಮನಿದ್ದೆನು, ಯಾಕೆಂದರೆ ಮಾತಾಡುವ ಅಧಿಕಾರವನ್ನು ನಾನು ಸಾಕ್ಷಿ ಸಹಿಯ ಜೊತೆಗೆ ಕಳೆದುಕೊಂಡಿದ್ದೆನು. "ಅವರು ನನ್ನ ಮುಖಕ್ಕೆ ಬಣ್ಣ ಬಳಿದರೆಂದು ನಾನು ಯಾಕೆ ಮುಖ ಮುಚ್ಚಿಕೊಳ್ಳಬೇಕು?" ಎಂದು ಆಕೆ ಕೇಳಿದಳು. ಅದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಸಲ ಬಂದ ಛಾಯಾಗ್ರಾಹಕಿ ಮಂಗಳೂರಿನ ಕಡೆಯವರು. ನಮ್ಮ ಮನೆಯ ಜಗಲಿಯ ಬೆಳಕೇ ಸಾಕೆಂದು ಅವರು ಕಡಬಕ್ಕೇ ಬಂದರು. ಕಾಗದ ಕನ್ನಡದಲ್ಲಿ ಒಂದೇ ಪುಟ. ಹುಡುಗಿ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ಒಂದು ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಅದರ ಪಕ್ಕದಲ್ಲಿ "ಮೈಬಣ್ಣ ಇದ್ದ ಹಾಗೆಯೇ" ಎಂದು ಬರೆದಳು. ಆಕೆ ನಗುತ್ತ ಅಲ್ಲಿಯೇ ಸಹಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ಈ ಸಲ ತಾಯಿಯೇ ಸಹಿ ಹಾಕಿದಳು, ಎರಡು ಸಲ ಓದಿ. ಜಗಲಿಯು ಪಟಕ್ಕೆ ಬೇಕಾದ ಕಾರಣ ನನ್ನನ್ನು ಅಂಗಳದಾಚೆಯ ಕೊಟ್ಟಿಗೆಯ ಮಾಡಿನ ಕೆಳಗೆ ಕಳುಹಿಸಿದರು. ಅಲ್ಲಿ ಅಡಿಕೆ ಸುಲಿಯುವವರ ಜೊತೆ ಕುಳಿತು ಎರಡು ಲೋಟ ಕಾಫಿ ಕುಡಿದೆನು. ಆಕೆ ಹೇಗೆ ನಿಂತಿದ್ದಾಳೆಂದು ಒಂದು ಸಲವೂ ಇಣುಕಿ ನೋಡಲಿಲ್ಲ.